ಕಮಲಾಪುರದ ಕೊನೆಯ ಓವರ್

ಆಗೆಲ್ಲ ನಮ್ಮ ಕ್ರಿಕೆಟ್ಟಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಸಂಕ್ರಾಂತಿಯ ಕುಸುರೆಳ್ಳು ಹಂಚಿ ಮುಗಿಯಿತೆಂದರೆ ಕಲಬುರಗಿಯ ಶಹಾಬಜಾರದ ಹುಡುಗರು ಬ್ಯಾಟು ಹೊರತೆಗೆಯುತ್ತಿದ್ದೆವು. ಯುಗಾದಿ ಹೊತ್ತಿಗೆ ಬಿಸಿಲು ನೆತ್ತಿ ಸುಡತೊಡಗಿ, ಪರೀಕ್ಷೆಯೂ ಎದುರು ಬಂದು, ಆಟ ತಾನಾಗಿ ನಿಲ್ಲುತ್ತಿತ್ತು. ನಿಮ್ಮ ಓಣಿಯಲ್ಲೂ ನನ್ನಂಥ ಒಬ್ಬ ಕ್ಯಾಪ್ಟನ್ ಇದ್ದಿರಬೇಕು. ಬ್ಯಾಟು ತನ್ನದು ಎಂಬ ಒಂದೇ ಯೋಗ್ಯತೆಯ ಮೇಲೆ ಹತ್ತು ಜನರನ್ನು ಆಳುವವನು. ನಾನಾಗ ಒಂಬತ್ತನೇ ಇಯತ್ತೆ. ಜಂಭಕ್ಕೇನೂ ಕಡಿಮೆ ಇರಲಿಲ್ಲ.

ನನ್ನ ಜಂಭಕ್ಕೆ ಆಧಾರವಾಗಿದ್ದವನು ಮೈನುದ್ದೀನ. ನಮ್ಮ ಬೌಲರ್. ದರ್ಗಾದ ಸುತ್ತಲಿನ ರೋಜಾ ಓಣಿಯಲ್ಲಿ ಅವನ ಅಬ್ಬಾನದು ಬೋರ್ಡು ಬರೆಯುವ ಅಂಗಡಿ. ಅವನ ಅಂಗಿಯಿಂದ ಯಾವಾಗಲೂ ಟರ್ಪೆಂಟೈನ್ ವಾಸನೆ ಬರುತ್ತಿತ್ತು, ಉಗುರಿನ ಸಂದಿಯಲ್ಲಿ ಬಣ್ಣ ಇರುತ್ತಿತ್ತು. ಟೆನಿಸ್ ಚೆಂಡನ್ನು ಎಂಥ ಜೋರಿನಲ್ಲಿ ಎಸೆಯುತ್ತಿದ್ದನೆಂದರೆ ಜೇವರ್ಗಿ ಕಾಲೋನಿಯ ಬಿಳಿ ಪ್ಯಾಂಟಿನ ಹುಡುಗರು ವಿಕೆಟ್ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅದೇ ಬಲಗೈಯಲ್ಲಿ ಕುಂಚ ಹಿಡಿದರೆ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಗೆರೆ ಎಳೆಯದೆ ನೇರವಾಗಿ ಬರೆಯುತ್ತಿದ್ದ. ಅಬ್ಬಾನ ಕಣ್ಣು ಮಂಜಾಗತೊಡಗಿದ್ದವು. ಏಣಿ ಹತ್ತುವ ಕೆಲಸವೆಲ್ಲ ಆಗಲೇ ಇವನ ಪಾಲಿಗೆ ಬಂದಿತ್ತು.

ಆ ವರ್ಷ ನಾವು ಸೋಲಲೇ ಇಲ್ಲ. ನಾನು ಅವನನ್ನು ಪ್ರತಿ ಮ್ಯಾಚಿನಲ್ಲೂ ದುಡಿಸಿದೆ, ಮ್ಯಾಚಿಲ್ಲದ ದಿನ ಪ್ರ್ಯಾಕ್ಟೀಸು ಎಂದು ದುಡಿಸಿದೆ. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅವನು ಚೆಂಡನ್ನು ಎಡಗೈಯಿಂದ ನನಗೆ ತಿರುಗಿ ಎಸೆದ.

"ಯಾಕಪಾ?" ಎಂದೆ.

"ಭುಜ ಹಿಡದದ ಯಾರ್. ರಾತ್ರಿ ಮಲಗಾಕ ಆಗವಲ್ದು."

ಅವನ ಅಮ್ಮಿ ಅವನನ್ನು ಜೇವರ್ಗಿ ಕಾಲೋನಿಯ ಒಂದು ದವಾಖಾನೆಗೆ ಕರೆದುಕೊಂಡು ಹೊರಟಾಗ ನಾನೂ ಬೆನ್ನು ಹತ್ತಿದೆ. ಡಾಕ್ಟರು ಕೈ ಎತ್ತಿಸಿ ಇಳಿಸಿ ನೋಡಿ, ಒಂದು ತಿಂಗಳು ಕೈಗೆ ಪೂರ್ತಿ ವಿಶ್ರಾಂತಿ ಕೊಡಬೇಕು, ತಿಕ್ಕಬಾರದು, ಕಾಯಿಸಬಾರದು ಎಂದರು. ಒಂದು ತಿಂಗಳು! ಕಮಲಾಪುರದ ಟೂರ್ನಮೆಂಟಿನ ಫೈನಲ್ಲಿಗೆ ಉಳಿದಿದ್ದು ಹನ್ನೆರಡು ದಿನ.

ನಾನು ಮನೆಗೆ ಬಂದು ಅಜ್ಜಿಯ ಮುಂದೆ ಗೋಳು ತೋಡಿಕೊಂಡೆ. "ತಿಕ್ಕಬ್ಯಾಡ ಅಂದ್ರ ಹೆಂಗ ವಾಸಿ ಆಗ್ತದ? ಹುಚ್ಚ ಡಾಕ್ಟರ್. ಕರಕೊಂಬಾ ಅವನ್ನ" ಎಂದಳು ಅಜ್ಜಿ.

ನಮ್ಮದು ಮಡಿ ಮನೆ. ಮೈನುದ್ದೀನನಿಗೆ ಹೊರಗಿನ ಕಟ್ಟೆಯ ತನಕ ಮಾತ್ರ ಪ್ರವೇಶ. ಅವನು ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಕೂಡುತ್ತಿದ್ದ. ಅಜ್ಜಿ ಹೊಸ್ತಿಲ ಒಳಗೆ ನಿಂತು ಅಪ್ಪಣೆ ಕೊಡುತ್ತಿದ್ದಳು. ನಾನು ಬಿಸಿ ಎಳ್ಳೆಣ್ಣೆ ಹಚ್ಚಿ ತಿಕ್ಕಿ, ಹಂಡೆ ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಭುಜಕ್ಕೆ ಒತ್ತುತ್ತಿದ್ದೆ.

"ಜೋರ್ ಹಾಕೋ! ಉಂಡದ್ದು ಎಲ್ಲಿ ಹೋಗ್ಯದ ನಿಂದು?" ಎಂದು ಅಜ್ಜಿ ನನ್ನನ್ನೇ ಗದರುವಳು. ಆಮೇಲೆ ಅವನಿಗೆ, "ಹೆಂಗನಸ್ತದಪಾ?"

ಅವನು ತುಟಿ ಕಚ್ಚಿಕೊಂಡೇ, "ಭಾಳ ಆರಾಮ ಅನಸ್ತದ್ರಿ ಅಜ್ಜಿ" ಎನ್ನುತ್ತಿದ್ದ. ಅಜ್ಜಿಗೆ ಖುಷಿ. ಎಲೆಯಲ್ಲಿ ಶೇಂಗಾ ಹೋಳಿಗೆ ಇಟ್ಟು ನನ್ನ ಕೈಯಲ್ಲಿ ಕಳಿಸುವಳು. ಹನ್ನೆರಡು ದಿನ ಹೀಗೆ ಮಾಡಿದೆವು. ಡಾಕ್ಟರು ಬೇಡ ಎಂದ ಎರಡನ್ನೂ ಪ್ರೀತಿಯಿಂದ, ಒಂದು ದಿನವೂ ತಪ್ಪಿಸದೆ ಮಾಡಿದೆವು. ಅವನ ಭುಜದ ಬಾವು ದಿನಕ್ಕಿಷ್ಟು ಹೆಚ್ಚಿದ್ದನ್ನು ನಾನು ಕಂಡಿದ್ದೆ. ಬಾವು ಹೊರಗೆ ಬರಲತ್ತದ, ಒಳಗಿನ ನೋವು ಇಳೀತದ ಎಂದಳು ಅಜ್ಜಿ. ನಂಬುವುದು ನನಗೂ ಬೇಕಾಗಿತ್ತು.

ಫೈನಲ್ಲಿನ ಮುಂಜಾನೆ ಅವನನ್ನು ಕರೆಯಲು ರೋಜಾಕ್ಕೆ ಹೋದೆ. ಅವನ ಅಮ್ಮಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ನಕ್ಕೋ ಬೇಟಾ, ಕಳಸಂಗಿಲ್ಲ. ಇವರ ಕಣ್ಣು ಹೋಗಾಕತ್ತಾವ. ಇನ್ನ ಮನಿ ನಡಿಯೋದು ಇವನ ಕೈ ಮ್ಯಾಲೆ."

"ಬಾಲ್ ಹಾಕಂಗಿಲ್ಲ ಚಾಚಿ. ಬರೇ ಮೂಲ್ಯಾಗ ನಿಂದರ್ತಾನ. ನಮಗ ಹನ್ನೊಂದು ಮಂದಿ ಆಗವಲ್ರು."

"ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು."

ಇಟ್ಟೆ. ಅವಳ ದುಪಟ್ಟಾದ ಕೆಳಗೆ ಕೂದಲು ಇನ್ನೂ ಹಸಿಯಾಗಿತ್ತು. ದೇವರಾಣೆ, ಆಗ ನಾನು ಸುಳ್ಳು ಹೇಳಲಿಲ್ಲ.

ಕಮಲಾಪುರದ ಮೈದಾನದ ಒಂದು ಬದಿಗೆ ಬಾಳೆಯ ತೋಟ. ಅಲ್ಲಿನ ಕೆಂಪು ಬಾಳೆಹಣ್ಣಿನ ರುಚಿ ತಿಂದವರಿಗೇ ಗೊತ್ತು. ಗೆದ್ದವರಿಗೆ ಕಪ್ಪಿನ ಜೊತೆ ಅದರದೊಂದು ಗೊನೆ. ಎದುರಾಳಿ ಆ ಊರಿನವರೇ. ಕೊನೆಯ ಓವರಿನಲ್ಲಿ ಅವರಿಗೆ ಏಳು ರನ್ ಬೇಕಿತ್ತು, ಕೈಯಲ್ಲಿ ಎರಡು ವಿಕೆಟ್ ಇದ್ದವು. ಆ ಓವರ್ ನಾನೇ ಹಾಕಬೇಕಾಗಿತ್ತು. ಚೆಂಡು ನನ್ನ ಕೈಯಲ್ಲೇ ಇತ್ತು. ಊರಿಗೆ ಊರೇ ಸುತ್ತ ನಿಂತು ಸಿಳ್ಳೆ ಹಾಕುತ್ತಿತ್ತು. ನಾನು ಹಾಕಿದರೆ ಎರಡೇ ಚೆಂಡಿನಲ್ಲಿ ಮುಗಿಯುತ್ತದೆಂದು ಗೊತ್ತಿತ್ತು. ಮೂಲೆಯಲ್ಲಿದ್ದ ಮೈನುದ್ದೀನನನ್ನು ಕೂಗಿ ಕರೆದೆ.

ಅವನು ಚೆಂಡು ನೋಡಿದ, ನನ್ನ ಮುಖ ನೋಡಿದ. "ಅಮ್ಮಿಗಿ ಮಾತು ಕೊಟ್ಟೀಯಲ್ಲೋ?"

"ಆರೇ ಬಾಲ್ ಮೈನ್ಯಾ. ಯಾರಿಗಿ ಗೊತ್ತಾಗ್ತದ?"

ಅವನು ನಕ್ಕ. ಚೆಂಡನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿ ಬಂದ. ಮೊದಲ ಮೂರು ಚೆಂಡಿಗೆ ಎರಡು ರನ್. ನಾಲ್ಕನೆಯದಕ್ಕೆ ಒಂದು ವಿಕೆಟ್ ಬಿತ್ತು. ಆಗ ಅವನು ಎಡಗೈಯಿಂದ ಭುಜ ಹಿಡಿದುಕೊಂಡು ನನ್ನ ಕಡೆ ಬಂದ. ಹಣೆಯ ಮೇಲೆ ಬೆವರಿನ ಹನಿಗಳು ಹಾಗೇ ನಿಂತಿದ್ದವು.

"ಸಾಕೇನೋ?" ಎಂದು ಕೇಳಿದ.

ಅವನು ಕೇಳಿದ್ದು ಅದೊಂದೇ ಮಾತು. ಹೌದಪಾ, ಸಾಕು ಎನ್ನಲು ನನಗೇನು ಧಾಡಿಯಾಗಿತ್ತು? "ಇನ್ನ ಎರಡೇ ಉಳದಾವ" ಎಂದೆ.

ಐದನೆಯದಕ್ಕೆ ಒಂದು ರನ್. ಆರನೆಯದನ್ನು ಬಿಡುವಾಗ ಅವನು "ಯಾ ಅಲ್ಲಾ" ಎಂದು ಕೂಗಿದ್ದು ನನಗೆ ಕೇಳಿಸಿತು. ಅದೇ ಹೊತ್ತಿಗೆ ನಡುವಿನ ಸ್ಟಂಪು ಹಾರಿತು. ನಾವು ಹತ್ತೂ ಜನ ಓಡಿದೆವು, ಸ್ಟಂಪಿನ ಕಡೆಗೆ. ಅವನು ನೆಲಕ್ಕೆ ಕೂತಿದ್ದಾನೆಂದು ತಿರುಗಿ ನೋಡಿದ್ದು ಆಮೇಲೆ.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಗೊನೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಹಾಡು, ಚಪ್ಪಾಳೆ. ಮೈನುದ್ದೀನ ಕಿಟಕಿಯ ಹತ್ತಿರ ಕೂತು ಒಂದು ಹಣ್ಣನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದ. ಯಾಕೆ ತಿನ್ನುತ್ತಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ. ಸುಲಿಯಲು ಬಲಗೈ ಮೇಲೆ ಬರುತ್ತಿರಲಿಲ್ಲ. ನಾನು ಸುಲಿದು ಕೊಟ್ಟೆ. ಎರಡು ಸಲ ಕಚ್ಚಿ, "ಭಾಳ ಸೀ ಅದಪಾ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಮನೆಯ ಬಾಗಿಲಲ್ಲಿ ಚಾಚಿ ಕೇಳುವ ಮೊದಲೇ ಅವನು ಹೇಳಿಬಿಟ್ಟ: "ಬಸ್ಸಿಂದ ಇಳಿಯೋವಾಗ ಬಿದ್ನಿ ಅಮ್ಮಿ." ನಾನು ಬಾಯಿ ಬಿಡಲಿಲ್ಲ. ಚಾಚಿ ಗಾಬರಿಯಲ್ಲೂ, ಇಷ್ಟು ದೂರ ಜೋಪಾನವಾಗಿ ಕರೆತಂದೆ ಎಂದು ನನ್ನ ಗಲ್ಲ ಸವರಿದಳು.

ಆ ಕೈ ಮತ್ತೆ ಭುಜಕ್ಕಿಂತ ಮೇಲೆ ಏಳಲೇ ಇಲ್ಲ. ಏಣಿಯ ಮೇಲೆ ನಿಂತು ಗೋಡೆಗೆ ಬರೆಯುವುದು ಮುಗಿಯಿತು. ಎಡಗೈಗೆ ಕುಂಚ ರೂಢಿ ಮಾಡಿಕೊಳ್ಳಲು ನೋಡಿದ. ಅಕ್ಷರಕ್ಕೆ ಜೀವ ಬರುವುದಿಲ್ಲ ಎಂದು ಬಿಟ್ಟ. ಅಬ್ಬಾನ ಕಣ್ಣು ಪೂರ್ತಿ ಹೋದ ವರ್ಷ ಅಂಗಡಿಯನ್ನೂ ಮುಚ್ಚಿದರು. ಈಗ ಅವನು ರೋಜಾದಲ್ಲಿ ದರ್ಗಾದ ಎದುರು ಹೂವಿನ ಚಾದರ ಮಾರುತ್ತಾನೆ. ಹೋದಾಗಲೆಲ್ಲ "ಬಾರಪಾ ಕ್ಯಾಪ್ಟನ್" ಎಂದು ಚಹಾ ತರಿಸುತ್ತಾನೆ. ಅಂದಿನ ಮಾತು ಅವನಾಗಿ ಎತ್ತಿಲ್ಲ. ಎತ್ತುವ ಧೈರ್ಯ ನನಗೆ ಬಂದಿಲ್ಲ.

ಚಾಚಿ ತೀರಿಕೊಳ್ಳುವ ಎರಡು ದಿನ ಮೊದಲು ನೋಡಲು ಹೋಗಿದ್ದೆ. ಗುರುತು ಹಿಡಿದಳು. ನನ್ನ ಕೈಯನ್ನು ತಾನೇ ಎಳೆದು ತಲೆಯ ಮೇಲೆ ಇಟ್ಟುಕೊಂಡಳು. ಕೂದಲೆಲ್ಲ ಬೆಳ್ಳಗಾಗಿತ್ತು. "ನೀ ಮಾತು ಉಳಿಸಿದಿ ಬೇಟಾ. ನನ್ನ ಮಗಂದೇ ನಸೀಬ ಖರಾಬ" ಎಂದಳು. ಮೈನುದ್ದೀನ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ. ಹೇಳಬೇಕಾಗಿತ್ತು. ಆ ದಿನವೂ ನಾನು ಹೇಳಲಿಲ್ಲ.

ಆ ಕಪ್ಪು ಯಾರ ಮನೆಯಲ್ಲಿದೆಯೋ ನಮ್ಮಲ್ಲಿ ಒಬ್ಬರಿಗೂ ತಿಳಿಯದು. ಮೈದಾನದಲ್ಲಿ ಮನೆಗಳೆದ್ದಿವೆ. ಕಮಲಾಪುರದ ಮೇಲೆ ಹಾದುಹೋಗುವಾಗ ರಸ್ತೆ ಬದಿಯಲ್ಲಿ ಕೆಂಪು ಹಣ್ಣು ಕಂಡರೂ ನಾನು ಗಾಡಿ ನಿಲ್ಲಿಸುವುದಿಲ್ಲ. ಆ ಓವರ್ ನಾನೇ ಹಾಕಿದ್ದರೆ ಖಂಡಿತ ಸೋಲುತ್ತಿದ್ದೆವು. ಸೋತಿದ್ದರೆ ಇಷ್ಟು ಹೊತ್ತಿಗೆ ಯಾರಿಗೂ ಅದರ ನೆನಪೇ ಇರುತ್ತಿರಲಿಲ್ಲ.