ಹೆಜ್ಜೆಗೆ ಬಿಟ್ಟ ಜಾಗ

ನಮ್ಮ ಬ್ಯಾಂಡ್ ಮಾಸ್ತರರ ಮೇಲ್ತುಟಿಯ ನಡುವೆ ತುತ್ತೂರಿ ಒತ್ತಿದ ಉಂಗುರದ ಗುರುತಿತ್ತು. ನಿದ್ದೆಯಲ್ಲೂ ಅಳಿಯುತ್ತಿರಲಿಲ್ಲ. ಹೊಸಪೇಟೆಯ ಅವರ ತಂಡದಲ್ಲಿ ನಾನು ಕ್ಲಾರಿಯೋನೆಟ್ ಊದುತ್ತಿದ್ದೆ.

ಗಣಿ ಜೋರಾಗಿದ್ದ ವರ್ಷಗಳವು. ಸಂಡೂರಿನ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಬ್ಯಾಂಡ್ ಬೇಕೇ ಬೇಕು. ನಮ್ಮ ಬಿಳಿ ಅಂಗಿಗಳು ಅದಿರಿನ ಧೂಳಿಗೆ ಕೆಂಪಾಗಿಯೇ ಉಳಿದವು. ಮಾಸ್ತರು ಮನೆಯ ಮುಖ ನೋಡಿದ್ದೇ ಕಡಿಮೆ. “ಮಂದಿ ಮದ್ವಿಗೆಲ್ಲ ಹೋಗ್ತೀರಿ, ನಮ್ಮ ಮನಿಗೆ ಯಾವಾಗ ಬರ್ತೀರಿ?” ಎಂದು ಕೇಳಿ ಕೇಳಿ ಸಾಕಾದ ಅವರ ಹೆಂಡತಿ ಕಂಪ್ಲಿಯ ತವರಿಗೆ ಹೋದವರು ತಿರುಗಿ ಬರಲಿಲ್ಲ.

ಆಮೇಲೆ ಮಾಸ್ತರು ಹತ್ತಾರು ವಾದ್ಯ ಒಟ್ಟಿಗೆ ನುಡಿಸುವ ಒಂದು ಸಿಂಫನಿ ಕಟ್ಟತೊಡಗಿದರು. ಅಷ್ಟು ದೊಡ್ಡ ಮೇಳವನ್ನು ಎಂದೋ ರೇಡಿಯೋದಲ್ಲಿ ಕೇಳಿದ್ದರಂತೆ. ಲಾರಿಯ ಹಾರ್ನು, ರೈಲು ಕಂಬಿಯ ತುಂಡು, ಹಂಪಿ ಹೊಳೆಯ ಹಳೇ ತೆಪ್ಪ, ಎಲ್ಲವನ್ನೂ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು. ನಾವೇನು ಕಡಿಮೆ, ಮುಸಿಮುಸಿ ನಕ್ಕೆವು.

“ನಗಬ್ಯಾಡ್ರಿ. ಮದ್ವಿಯಾದ ಹೊಸದಾಗ ನಾವಿಬ್ರೂ ತೆಪ್ಪದಾಗ ಹೊಳಿ ದಾಟೀವಿ. ಆ ಸಪ್ಪಳ ಪಿಟೀಲಿನಾಗ ಎಲ್ಲಿ ಸಿಗ್ತದ?” ಎಂದರು. ತೆಪ್ಪವನ್ನು ಬೋರಲು ಹಾಕಿ ಅಂಗೈಯಿಂದ ಬಡಿದರೆ ನಿಜಕ್ಕೂ ಹೊಳೆಯ ಸದ್ದು ಬರುತ್ತಿತ್ತು.

ಆಗ ಕಂಪ್ಲಿಯಲ್ಲೇ ಒಂದು ಮದುವೆ ಒದಗಿತು. ಮೆರವಣಿಗೆ ಮಾಸ್ತರ ಹೆಂಡತಿಯ ತವರಿನ ಬೀದಿಯಲ್ಲಿ ಹಾಯುವುದಿತ್ತು. ಬಾಗಿಲ ಮುಂದೆ ಈ ಸಿಂಫನಿ ನುಡಿಸಿದರೆ ಆಕೆ ಬಂದೇ ಬರುತ್ತಾಳೆಂದು ಮಾಸ್ತರು ನಂಬಿದ್ದರು. ಬೀದಿಯ ತಿರುವಿನಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. “ನಿಲ್ಲಸ್ರಿ. ಅಲ್ಲಿ ಮುದುಕಪ್ಪ ತೀರಿಕೊಂಡಾನ.” ಸತ್ತದ್ದು ಆಕೆಯ ಪಕ್ಕದ ಮನೆಯವರು. ಸಾವಿನ ಮನೆ ದಾಟುವಾಗ ಬ್ಯಾಂಡು ಸುಮ್ಮನಾಗಬೇಕು, ಅದು ನಮ್ಮಲ್ಲಿಯ ರೀತಿ. ಮಾಸ್ತರು ತುತ್ತೂರಿ ಇಳಿಸಿದರು. ಆಕೆ ಬಾಗಿಲಲ್ಲೇ ನಿಂತಿದ್ದರು. ನಮ್ಮ ಬೂಟುಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಾಸ್ತರು ಟೋಪಿ ತೆಗೆದರು, ಆದರೆ ನಿಲ್ಲಲಿಲ್ಲ. ಯಾರದೋ ಮುಹೂರ್ತ ಮೀರುತ್ತಿತ್ತು.

ಮುಂದಿನ ತಾಲೀಮಿನಲ್ಲಿ, ತೆಪ್ಪದ ಸದ್ದು ಮುಗಿದ ಮೇಲೆ, “ಇಲ್ಲಿ ಯಾರೂ ಊದಬ್ಯಾಡ್ರಿ. ಬರೇ ನಡೀರಿ” ಎಂದರು.

“ಯಾತಕ್ರೀ?” ಎಂದೆ.

“ಅವತ್ತು ಅಕಿ ಕಿವಿಗೆ ಬಿದ್ದದ್ದು ಇಷ್ಟ.”

ಆಕೆ ಬರುವ ತನಕ ಪೂರಾ ನುಡಿಸುವುದು ಬೇಡ ಎಂದು ಹಟ ಹಿಡಿದಿದ್ದರು. ಹಾಗೆಯೇ ತೀರಿಕೊಂಡರು.

ಅವರ ಕೊನೆಯ ಮೆರವಣಿಗೆಯಲ್ಲಿ ನಾವು ಆ ಸಿಂಫನಿಯನ್ನು ಮೊದಲಿನಿಂದ ನುಡಿಸಿದೆವು. ಕಂಪ್ಲಿಯಿಂದ ಬಂದ ಆಕೆ ಬರಿಗಾಲಲ್ಲಿ, ಚಟ್ಟದ ಪಕ್ಕ, ನಮ್ಮ ಜೊತೆಗೇ ನಡೆದರು. ತೆಪ್ಪದ ಸದ್ದು ನಿಂತಿತು. ನಮ್ಮ ಬೂಟುಗಳ ನಡುವೆ ಕಾಲುಂಗುರ ನೆಲಕ್ಕೆ ತಾಗುವ ಸದ್ದು ಕೇಳಿತು.

ಅಲ್ಲಿಂದ ಮುಂದೆ ಮೊದಲು ಊದಬೇಕಾದವನು ನಾನು. ಕ್ಲಾರಿಯೋನೆಟ್ ಬಾಯಿಗೆ ಏರಿಸಲಿಲ್ಲ. ಇನ್ನೂ ಸ್ವಲ್ಪ ದೂರ ಅವರಿಬ್ಬರನ್ನೂ ಹಾಗೆಯೇ ಹೋಗಲು ಬಿಟ್ಟೆ.