ಬೂಟು ಬಿಡುವ ಚೌಕ

ಬೂಟು ಎಂಬ ಶಬ್ದವನ್ನು ನಾನು ದಿನಕ್ಕೆ ಎಷ್ಟು ಸಲ ಆಡುತ್ತೇನೆಂದು ಒಮ್ಮೆ ಹೆಂಡತಿ ಕೇಳಿದ್ದಳು. ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ನಾನು ಅದೇ ರಾಗ ಎಳೆಯುತ್ತಿದ್ದೆ. ಯಾರು ಬೂಟು ಹಾಕಿರಲಿಲ್ಲ, ಯಾರು ಹಾಕಿದ್ದರೂ ಲೇಸು ಕಟ್ಟಿರಲಿಲ್ಲ, ಯಾರು ಕಂಪನಿ ಕೊಟ್ಟ ಹೊಸ ಬೂಟನ್ನು ಡಬ್ಬಿ ಸಮೇತ ತಮ್ಮನ ಮದುವೆಗೆಂದು ಊರಿಗೆ ಒಯ್ದಿದ್ದರು, ಎಲ್ಲ ಅವಳಿಗೆ ಬಾಯಿಪಾಠ. ಕಡೆಗೆ ಅವಳು, ತಟ್ಟೆಯ ಮುಂದೆ ಪಾದರಕ್ಷೆಯ ಮಾತು ಬೇಡ ಎಂದು ನಿಯಮ ಮಾಡಿದಳು. ನನ್ನ ನಿಯಮಗಳನ್ನು ಯಾರೂ ಪಾಲಿಸುತ್ತಿರಲಿಲ್ಲ, ಅವಳದನ್ನು ಮಾತ್ರ ನಾನು ಪಾಲಿಸಬೇಕಾಯಿತು.

ಭಾಂಡುಪ್‌ನಲ್ಲಿ ಹಿಂದೆ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ದೊಡ್ಡದೊಂದು ಗೋದಾಮಿದೆ. ಅಲ್ಲಿ ಲಾರಿಗಳಿಂದ ಮಾಲು ಇಳಿಸುವ, ಏರಿಸುವ ಕಟ್ಟೆಗೆ ನಾನು ಸೂಪರ್‌ವೈಸರ್. ಕೆಲಸಗಾರರ ಕೈಕಾಲು ನೆಟ್ಟಗೆ ಉಳಿಯುವಂತೆ ನೋಡಿಕೊಳ್ಳುವುದೂ ನನ್ನ ತಲೆಗೇ ಕಟ್ಟಿದ್ದಾರೆ. ಕೆಲಸ ಹೇಳಲು ಸುಲಭ. ಲಾರಿ ಹಿಂದಕ್ಕೆ ಬಂದು ಕಟ್ಟೆಗೆ ತಾಗಿ ನಿಲ್ಲುತ್ತದೆ. ನಡುವಿನ ಸಂದಿಗೆ ಕಬ್ಬಿಣದ ಹಲಗೆ ಹಾಸುತ್ತೇವೆ. ಲಾರಿಯೊಳಗೆ ಹಮಾಲರ ಟೋಳಿ ಚೀಲಗಳನ್ನು ಕಟ್ಟಿಗೆಯ ಪ್ಯಾಲೆಟ್ ಮೇಲೆ ಒಟ್ಟುತ್ತದೆ. ಫೋರ್ಕ್‌ಲಿಫ್ಟ್ ಬಂದು ಅದನ್ನು ಎತ್ತಿ, ಹಿಮ್ಮುಖವಾಗಿ ಹೊರಬಂದು, ತಿರುಗಿ ಗೋದಾಮಿನೊಳಗೆ ಹೋಗುತ್ತದೆ. ಈ ಗಾಡಿಯಲ್ಲಿ ತಿರುಗುವುದು ಹಿಂದಿನ ಚಕ್ರ. ಹಾಗಾಗಿ ತಿರುವಿನಲ್ಲಿ ಅದರ ಹಿಂಭಾಗ, ಗೂಟಕ್ಕೆ ಕಟ್ಟಿದ ಎಮ್ಮೆ ಹಿಂಗಾಲು ಸರಿಸಿದ ಹಾಗೆ, ಪಕ್ಕಕ್ಕೆ ಬೀಸಿ ಬರುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ನಾನು ಇದನ್ನೇ ಹೇಳುತ್ತಿದ್ದೆ. ಹಿಂದಿಯಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ನಮ್ಮ ಕಡೆಯವರಿಗಾಗಿ ಕನ್ನಡದಲ್ಲಿ ಒಮ್ಮೆ. ಮೂರು ಭಾಷೆಗೂ ತಲೆಯಾಡಿಸುತ್ತಿದ್ದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಬ್ಬ ಅದೇ ಗಾಡಿಯ ಹಿಂದೆ ನಿಂತು ತಂಬಾಕು ತಿಕ್ಕುತ್ತಿರುತ್ತಿದ್ದ.

ಟೋಳಿಯನ್ನು ನಡೆಸುವ ಮುಕಾದಮರು ವಿಜಯಪುರ ಜಿಲ್ಲೆಯವರು. ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಊರು ಬಿಟ್ಟಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ, ಅವರು ನನಗೆ ಸಾಹೇಬ್ರ ಎನ್ನುತ್ತಿದ್ದರು. ನನ್ನ ತಂದೆ ಧಾರವಾಡದ ಕಡೆಯಿಂದ ಬಂದವರೆಂದು ಗೊತ್ತಾದ ದಿನದಿಂದ ಅವರ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ನನಗೂ ಒಂದು ಪಾಲು ಇರುತ್ತಿತ್ತು. ಮನುಷ್ಯ ಬಂಗಾರ. ಆದರೆ ನನ್ನ ತಲೆ ಅವರಷ್ಟು ಯಾರೂ ತಿಂದಿಲ್ಲ.

ತಕರಾರು ಶುರುವಾದದ್ದು ಬೂಟಿನಿಂದಲೇ. ಬೆರಳುಗಳ ಮೇಲೆ ಉಕ್ಕಿನ ಟೋಪಿಯಿರುವ ಬೂಟನ್ನು ಎಲ್ಲರಿಗೂ ಕೊಡಿಸಲು ನಾನು ಒಂದು ವರ್ಷ ಹೆಡ್ಡಾಫೀಸಿನ ಬಾಗಿಲು ಸವೆಸಿದ್ದೆ. ಬೂಟು ಬಂತು, ಹಾಕಿಕೊಂಡರು. ಮೊದಲ ಜೋಳದ ಲಾರಿ ಬಂದ ಕೂಡಲೇ ಟೋಳಿಗೆ ಟೋಳಿಯೇ ಬೂಟು ಕಳಚಿ, ಜೋಡಿಜೋಡಿಯಾಗಿ ಕಟ್ಟೆಯ ಅಂಚಿಗಿಟ್ಟು, ಬರಿಗಾಲಲ್ಲಿ ಲಾರಿ ಹತ್ತಿತು. ನನಗೆ ಸಿಟ್ಟು ನೆತ್ತಿಗೇರಿತು. ಇದೇನು ದೇವಸ್ಥಾನವೇ ಎಂದು ಕೂಗಾಡಿದೆ. ಕಾಕಾ ಸಮಾಧಾನವಾಗಿಯೇ ಕೇಳಿದರು.

“ಜ್ವಾಳದ ಚೀಲದ ಮ್ಯಾಲ ಬೂಟ ಹಾಕ್ಕೊಂಡ ಹೆಂಗ ನಿಂದ್ರೂದ್ರಿ, ಸಾಹೇಬ್ರ? ತಿನ್ನೂ ಅನ್ನ ಅದು.”

ಆ ಚೀಲವನ್ನು ತುಂಬಿದವರು, ಹೊಲಿದವರು, ಮಾರುವವರು ಎಲ್ಲರೂ ಬೂಟು ಹಾಕಿಕೊಂಡೇ ಇರುತ್ತಾರೆಂದು ವಾದಿಸಿದೆ. ಅದು ಅವರವರ ಪಾಪ ಎಂದರು. ಮರಾಠಿ ಹುಡುಗರು, ಬಿಹಾರದವರು, ಯಾರೂ ಅವರ ಮಾತಿಗೆ ಎದುರಾಡಲಿಲ್ಲ. ಅಕ್ಕಿ, ಬೇಳೆ, ಹಿಟ್ಟು ಬಂದರೆ ಬೂಟು ಕಳಚುವುದು, ಸಾಬೂನಿನ ಪುಡಿ ಬಂದರೆ ಹಾಕುವುದು ಎಂದು ಪದ್ಧತಿಯೇ ಬೆಳೆಯಿತು. ಬಿಸ್ಕತ್ತಿನ ಪೆಟ್ಟಿಗೆಗೆ ಬೂಟು ನಡೆಯುತ್ತದೆ ಎಂದು ಕಾಕಾ ತೀರ್ಪು ಕೊಟ್ಟರು. ಒಮ್ಮೆ ನಾಯಿಗಳಿಗೆ ಹಾಕುವ ತಿನಿಸಿನ ಚೀಲಗಳು ಬಂದವು. ಕಾಲು ಗಂಟೆ ಚರ್ಚೆ ನಡೆಯಿತು, ಲಾರಿಯ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ನಾಯಿಗಾದರೂ ಅದು ಅನ್ನವೇ ಎಂದು ಕೊನೆಗೆ ಬೂಟು ಕಳಚಿದರು. ನಾನು ತಲೆ ಚಚ್ಚಿಕೊಂಡೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಅನ್ನದ ಅಗುಳಿಗೆ ಕಾಲು ತಾಗಿದರೆ ನಾನೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವನೇ. ಅಮ್ಮ ಹಾಗೆ ಬೆಳೆಸಿದ್ದಾಳೆ. ಹಾಗಾಗಿ ಹೆಚ್ಚು ಜಗ್ಗಾಡಲು ನನಗೇ ಮನಸ್ಸು ಬರಲಿಲ್ಲ. ಲಾರಿಯೊಳಗೆ ಫೋರ್ಕ್‌ಲಿಫ್ಟ್ ಹೋಗದಿರುವಾಗ ಮಾತ್ರ ಚೀಲದ ಮೇಲೆ ಬರಿಗಾಲಲ್ಲಿ ನಿಲ್ಲಬಹುದು, ಕಟ್ಟೆಯ ಮೇಲೆ ಮಾತ್ರ ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡುವಂತಿಲ್ಲ ಎಂದು ರಾಜಿಯಾಯಿತು. ಕಟ್ಟೆಯ ಮೇಲೆ ಮುರಿದ ಪ್ಯಾಲೆಟ್ಟುಗಳ ಮೊಳೆ ಬಿದ್ದಿರುತ್ತವೆ, ಅಲ್ಲಿ ಮೂರು ಗಾಡಿ ಓಡಾಡುತ್ತವೆ.

ಅದೇ ಹೊತ್ತಿಗೆ ಹೆಡ್ಡಾಫೀಸಿನಿಂದ ತಪಾಸಣೆಗೆ ಬಂದವರು, ಬರಿಗಾಲಿನಲ್ಲಿ ಓಡಾಡುವ ಇಬ್ಬರನ್ನು ನೋಡಿ ಫೋಟೋ ತೆಗೆದುಕೊಂಡು ಹೋದರು. ಮರುವಾರವೇ ಹೊಸ ಆಜ್ಞೆ. ಬರಿಗಾಲಲ್ಲಿ ಸಿಕ್ಕವರ ಹೆಸರು ಪುಸ್ತಕದಲ್ಲಿ ಬರೆಯಬೇಕು, ಮೂರು ಸಲ ಬರೆಸಿಕೊಂಡವರ ಗೇಟ್ ಪಾಸ್ ರದ್ದು. ಪಾಸ್ ಹೋದರೆ ಗೋದಾಮಿನ ಗೇಟು ಅವರಿಗೆ ಮತ್ತೆ ತೆರೆಯುವುದಿಲ್ಲ. ಆ ಪುಸ್ತಕ ನನ್ನ ಕೈಗೆ ಬಂತು.

ಕಾಕಾನ ಹೆಸರನ್ನು ನಾನೇ ಎರಡು ಸಲ ಬರೆದೆ. ಮೊದಲ ಸಲ, ಲಾರಿಯಿಂದ ಇಳಿದು ಬರಿಗಾಲಲ್ಲೇ ನೀರು ಕುಡಿಯಲು ಹೋದಾಗ. ಎರಡನೆಯ ಸಲ, ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಬದಿಗೆ ನಡೆದುಹೋಗಿ, ಅಲ್ಲಿ ಆರಾಮಾಗಿ ಕೂತು ಹಾಕಿಕೊಳ್ಳುತ್ತಿದ್ದಾಗ. ಬೂಟು ಕೈಯಲ್ಲಿದ್ದರೆ ಕಾಲು ಉಳಿಯುತ್ತದೆಯೇ ಎಂದು ಎಲ್ಲರೆದುರು ಹಂಗಿಸಿದೆ. ಗೋಡೆಯ ಬದಿಗೆ ಗಾಡಿ ಬರುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ. ಮುಕಾದಮರನ್ನೇ ಬಿಟ್ಟರೆ ಉಳಿದವರು ಕೇಳುತ್ತಾರೆಯೇ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಐವತ್ತೆಂಟು ದಾಟಿದ ಹಮಾಲನಿಗೆ ಈ ಊರಿನಲ್ಲಿ ಇನ್ನೊಂದು ಗೇಟು ಯಾರು ತೆರೆಯುತ್ತಾರೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಹಳದಿ ಬಣ್ಣ ತರಿಸಿ, ಪ್ರತಿ ಲಾರಿ ನಿಲ್ಲುವ ಬಾಯಿಯ ಎಡಬದಿಗೆ, ಕಬ್ಬಿಣದ ಹಲಗೆಗೆ ಹೊಂದಿಕೊಂಡಂತೆ ಒಂದೊಂದು ಚೌಕ ಬಳಿದೆ. ಬೂಟು ಬಿಡುವುದು, ಹಾಕುವುದು ಆ ಚೌಕದಲ್ಲೇ, ಅದರ ಗೆರೆ ದಾಟಿದರೆ ಕಾಲಲ್ಲಿ ಬೂಟು ಇರಲೇಬೇಕು. ಲಾರಿಯಿಂದ ಇಳಿದವರು ನೇರ ಚೌಕಕ್ಕೆ, ಚೌಕದಿಂದ ಬೂಟಿನೊಳಕ್ಕೆ. ಕಟ್ಟೆಯ ಮೇಲೆ ಬರಿಗಾಲಿನ ಹೆಜ್ಜೆ ಸೊನ್ನೆ. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು, ಆದರೆ ಗೆರೆ ಸ್ವಲ್ಪವೂ ಸೊಟ್ಟಗಾಗಿರಲಿಲ್ಲ. ಫೋಟೋ ತೆಗೆದು ಮ್ಯಾನೇಜರರ ವಾಟ್ಸಾಪಿಗೆ ಕಳಿಸಿದೆ. ಅವರು ಹೆಬ್ಬೆರಳು ಎತ್ತಿದರು. ಆ ದಿನ ಲೋಕಲ್ ರೈಲಿನಲ್ಲಿ ನಿಂತೇ ಬಂದರೂ ನನಗೆ ಕಾಲು ನೋಯಲಿಲ್ಲ.

ಫೋರ್ಕ್‌ಲಿಫ್ಟ್ ಹೊರಬಂದು ತಿರುಗುವಾಗ ಹಿಂಭಾಗ ಬೀಸುವುದು ಎಡಬದಿಗೇ. ಸೋಮವಾರಗಳಲ್ಲಿ ಮೂರು ಭಾಷೆಯಲ್ಲಿ ಅದನ್ನು ಹೇಳುತ್ತಿದ್ದವನು ನಾನು. ಕುಂಚ ಹಿಡಿದಾಗ ಅದು ನನಗೆ ನೆನಪಾಗಲಿಲ್ಲ. ಈಗಲೂ ಯೋಚಿಸಿದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಜೋಳದ ಹಿಟ್ಟಿನ ಲಾರಿ ಬಂದಿತ್ತು. ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ, ಚಕ್ರಕ್ಕೆ ಅಡ್ಡಗಟ್ಟಿಗೆ ಕೊಡಲು ಒಪ್ಪದ ಡ್ರೈವರನ ಜತೆ ಜಗಳಾಡುತ್ತಿದ್ದೆ. ಬ್ರೇಕ್ ಹಾಕಿದ್ದೇನಲ್ಲ ಎಂಬುದು ಅವನ ವಾದ. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಚೀರಿದ್ದು ಕೇಳಿಸಿತು. ಹಿಂದೆ ಸರಿಯುವ ಗಾಡಿಯ ಪೀಂ ಪೀಂ ಸದ್ದು ಕೂಗುತ್ತಲೇ ಇತ್ತು. ಮೂರು ಗಾಡಿ ದಿನವಿಡೀ ಕೂಗುವ ಜಾಗದಲ್ಲಿ ಆ ಸದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾನು ಓಡಿದೆ. ಕಾಕಾ ಹಳದಿ ಚೌಕದೊಳಗೆ ಕೂತಿದ್ದರು. ಬಲಗಾಲಲ್ಲಿ ಬೂಟಿತ್ತು, ಲೇಸೂ ಕಟ್ಟಿತ್ತು. ಎಡಗಾಲಿನ ಬೂಟು ಕೈಯಲ್ಲಿತ್ತು. ಎಡಗಾಲಿನ ಮೇಲೆ ಗಾಡಿಯ ಹಿಂದಿನ ಚಕ್ರ ಹಾದುಹೋಗಿತ್ತು. ಗಾಡಿ ನಡೆಸುತ್ತಿದ್ದವನು ಉತ್ತರಪ್ರದೇಶದವನು, ನಮ್ಮಲ್ಲೇ ಅತ್ಯಂತ ಎಚ್ಚರದ ಆಪರೇಟರ್. ಅವನು ಕೆಳಗಿಳಿದು ಗೋಡೆಗೆ ಒರಗಿ, ಕಾಣಿಸಲಿಲ್ಲ ಸಾಬ್, ಕಾಣಿಸಲೇ ಇಲ್ಲ ಎಂದು ಅಳುತ್ತಿದ್ದ. ಹೇಗೆ ಕಾಣಿಸೀತು. ಲಾರಿಯ ಬಾಗಿಲಿನ ಮರೆಯಲ್ಲಿ, ನೆಲಕ್ಕೆ ಕೂತ ಮನುಷ್ಯನನ್ನು ಯಾರಿಗೂ ಕಾಣದ ಹಾಗೆ ಕೂರಿಸಿದ್ದವನು ನಾನು.

ಎರಡು ಬೆರಳು ತೆಗೆಯಬೇಕಾಯಿತು. ಪಾದದ ಮೂಳೆಗೆ ಸರಳು ಹಾಕಿದರು. ಮರುದಿನ ಬೆಳಿಗ್ಗೆ ನಾನು ಕಟ್ಟೆಗೆ ಹೋದಾಗ ಆ ಆಪರೇಟರ್ ಯಾರನ್ನೂ ಕೇಳದೆ ಎರಡು ಹಳೆಯ ಪ್ಯಾಲೆಟ್ಟುಗಳನ್ನು ಗೋಡೆಯ ಬದಿಗೆ ಬೆಂಚಿನಂತೆ ಜೋಡಿಸಿದ್ದ. ಲಾರಿಯ ಬಾಯಿಂದ ಅಲ್ಲಿಯವರೆಗೆ ಗೋಣಿತಾಟು ಹಾಸಿದ್ದ. ಟೋಳಿ ಇಳಿಯುವಾಗ ಗಾಡಿ ಬಂದ್ ಮಾಡಿ ಕೀಲಿ ತೆಗೆದು ಕೈಯಲ್ಲಿಟ್ಟುಕೊಳ್ಳುತ್ತೇನೆ ಎಂದ. ಇಷ್ಟೇ ಬೇಕಾಗಿದ್ದದ್ದು. ಕಾಕಾ ಹುಡುಕಿಕೊಂಡಿದ್ದ ಜಾಗವೂ ಅದೇ, ನಾನು ಪುಸ್ತಕದಲ್ಲಿ ತಪ್ಪೆಂದು ಬರೆದ ಜಾಗ.

ಮ್ಯಾನೇಜರ್ ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು. ಜೂತಾ ಪಹನಾ ಥಾ ಯಾ ನಹೀಂ? ಆ ಕಾಲಲ್ಲಿ ಬೂಟು ಇರಲಿಲ್ಲ ಎಂದೆ. ಬಸ್, ವಹೀ ಲಿಖೋ ಎಂದರು. ಹಾಗೆ ಬರೆದರೆ ಅದು ಮೂರನೆಯ ಸಲವಾಗುತ್ತದೆ, ಪಾಸ್ ಹೋಗುತ್ತದೆ ಎಂದೆ. ನಿಯಮ ಎಲ್ಲರಿಗೂ ಒಂದೇ ಎಂದು ಅವರು ಫೋನ್ ತೆಗೆದುಕೊಂಡರು. ನಾನು ಬೈದುಕೊಳ್ಳುತ್ತ ಹೊರಬಂದೆ, ಆದರೆ ಅಪಘಾತದ ಫಾರಮ್ಮಿನಲ್ಲಿ ಹಾಗೇ ಬರೆದೆ. ಅದನ್ನು ಮುಚ್ಚಿಡಲಾರೆ. ಇಂಗ್ಲಿಷಿನಲ್ಲಿ ಒಂದೇ ಸಾಲು, ಸರಾಗವಾಗಿ ಬಂತು. ಅದು ಸುಳ್ಳೂ ಆಗಿರಲಿಲ್ಲ.

ಫಾರಮ್ಮಿಗೆ ಕಾಕಾನ ಸಹಿ ಬೇಕಿತ್ತು. ಆಸ್ಪತ್ರೆಯಲ್ಲಿ ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಕಾಲು ಬಟ್ಟೆಯಲ್ಲಿ ಸುತ್ತಿ ಎತ್ತರಕ್ಕಿಟ್ಟಿದ್ದರು. ನನ್ನನ್ನು ನೋಡಿ, ಬರಲು ರಜೆ ಹಾಕಿದಿರೇನು ಎಂದು ಕೇಳಿದರು. ಫಾರಮ್ಮು ಕೊಟ್ಟು ಸಹಿಯ ಜಾಗ ತೋರಿಸಿದೆ. ಪೆನ್ನು ಹಿಡಿದವರು ಸಹಿ ಮಾಡದೆ ತಡೆದರು. ಏನು ಬರೆದಿದೆ ಓದಿ ಹೇಳಿ ಎಂದರು. ತಾರೀಖು, ಗಂಟೆ, ಗಾಡಿಯ ನಂಬರು ಎಲ್ಲ ಕನ್ನಡದಲ್ಲಿ ಹೇಳುತ್ತ ಬಂದೆ. ಕಾರಣದ ಸಾಲಿಗೆ ಬಂದಾಗ ಗಾಡಿಯ ನಂಬರನ್ನೇ ಇನ್ನೊಮ್ಮೆ ಓದಿದೆ. ಇಂಗ್ಲಿಷಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕಾಗಿತ್ತು. ಅವರ ಮುಖ ನೋಡಿಕೊಂಡು ಹೇಳುವುದು ಬೇರೆ.

“ಎಡಗಾಲಾಗ ಬೂಟ ಇದ್ದಿಲ್ಲ ಅಂತ ಬರದೀನಿ, ಕಾಕಾ.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ದನಿ ಏರಿಸಿ ಪಾರಾಗುತ್ತಿದ್ದೆನೇನೋ.

“ಇದ್ದಿಲ್ಲ, ಖರೇನ. ಹಾಕ್ಕೊಳ್ಳಾಕತ್ತಿದ್ನಿ,” ಎಂದರು. “ಗಾಡಿ ಹಿಂದ ಬರೂದ ನೋಡಿದ್ನಿರಿ. ಎದ್ದ ಸರಿಯೂಣು ಅಂದ್ರ ಒಂದ ಕಾಲ ಬರಿದ ಇತ್ತು. ಗೆರಿ ದಾಟಿದ್ರ ನೀವು ಮತ್ತ ಹೆಸರ ಬರಕೋತೀರಿ ಅಂತ ಕುಂತ್ನಿ.”

ವಾರ್ಡಿನಲ್ಲಿ ಯಾರದೋ ಮೊಬೈಲು ಬಡಿದುಕೊಳ್ಳುತ್ತಿತ್ತು. ನನಗೆ ಅವರ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಗೆರೆ ದಾಟಿ ಓಡಬಾರದಿತ್ತೇ, ಜೀವಕ್ಕಿಂತ ನನ್ನ ಪುಸ್ತಕ ದೊಡ್ಡದೇ ಎಂದು ಕೂಗಬೇಕೆನಿಸಿತು. ಹತ್ತು ವರ್ಷ ನನ್ನ ಒಂದು ಮಾತನ್ನೂ ಕೇಳದ ಮನುಷ್ಯ, ಕೇಳಬಾರದಿದ್ದ ಒಂದನ್ನೇ ಕೇಳಿದ್ದರು.

ಫಾರಮ್ಮನ್ನು ಕಸಿದುಕೊಂಡು ಹರಿದೆ. ನನ್ನ ಚೀಲದಲ್ಲಿ ಇನ್ನೊಂದು ಖಾಲಿ ಫಾರಮ್ಮು ಇತ್ತು. ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಮೊದಲಿನಿಂದ ಬರೆದೆ. ಬೂಟು ಹಾಕಿಕೊಳ್ಳುವ ಜಾಗವನ್ನು ಗಾಡಿ ತಿರುಗುವ ದಾರಿಯಲ್ಲಿ ಗುರುತು ಮಾಡಲಾಗಿತ್ತು, ಗುರುತು ಮಾಡಿದವನು ಸೂಪರ್‌ವೈಸರ್, ಕೆಲಸಗಾರ ಆ ಆಜ್ಞೆಯಂತೆಯೇ ಅಲ್ಲಿ ಕೂತಿದ್ದ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಮುಂದೆ ನನಗೆ ಮೆಮೊ ಬಂತು, ಅವರ ಪಾಸ್ ಉಳಿಯಿತು, ಅದೆಲ್ಲ ಆಮೇಲಿನ ಮಾತು. ಅವತ್ತು ಅದನ್ನೂ ಕನ್ನಡದಲ್ಲಿ ಓದಿ ಹೇಳಿ, ಪೆನ್ನು ಅವರ ಕೈಗೆ ಕೊಟ್ಟೆ.

ಅವರು ಸಹಿ ಮಾಡಲಿಲ್ಲ. ಹಾಳೆಯನ್ನೂ ನನ್ನನ್ನೂ ನೋಡಿದರು.

“ಹಿಂಗ ಬರದ್ರ ನಿಮ್ಮ ಪಾಸ್ ಹೋಗೂದಿಲ್ಲೇನ್ರಿ, ಸಾಹೇಬ್ರ?”

ಸುಮ್ಮನೆ ಸಹಿ ಮಾಡ್ರಿ ಕಾಕಾ, ನನಗೆ ಲೋಕಲ್ ತಪ್ಪುತ್ತದೆ ಎಂದು ಗದರಿದೆ.