ಡ್ರೈವಿಂಗ್ ಸ್ಕೂಲಿಗೆ ಬಸ್ಸಿನಲ್ಲಿ ಹೋದ ಕನ್ಸಲ್ಟಂಟ್

ಗೆಳೆಯರೇ, ಸಂಬಳದ ಕೆಲಸ ಬಿಟ್ಟು ಮಾರ್ಕೆಟಿಂಗ್ ಕನ್ಸಲ್ಟಂಟ್ ಎಂದು ಹೇಳಿಕೊಳ್ಳತೊಡಗಿದ ಮೇಲೆ ಇವತ್ತು ನನ್ನ ಮೊದಲ ಗ್ರಾಹಕರ ಭೇಟಿ. ನ್ಯೂಜಿಲೆಂಡಿನ ನಮ್ಮ ಟೌರಂಗಾದಲ್ಲೇ ಡ್ರೈವಿಂಗ್ ಸ್ಕೂಲ್ ನಡೆಸುವ ಗದಗಿನ ಸರೋಜಾ ಆಂಟಿ. ಬಸ್ಸು ತಡವಾಗಿ, ಸ್ಟಾಪಿನಿಂದ ಓಡಿಕೊಂಡೇ ಹೋದೆ.

“ಬಸ್ಸಿನಾಗ ಬಂದಿ ಏನವಾ? ಕಾರ್ ಹೊಡ್ಯಾಕ ಬರದಾಕಿ ನನ್ನ ಬಿಸಿನೆಸ್ ಹೆಂಗ ಬೆಳಸ್ತಿ?” ಎಂದರು ಆಂಟಿ.

ಕೆಲಸ ಕೈತಪ್ಪಿತು ಅಂದುಕೊಂಡೆ. ಇನ್ನು ಮುಚ್ಚಿಡುವುದೇನು ಎಂದು ನಿಜವನ್ನೇ ಹೇಳಿದೆ. “ಕಲೀಬೇಕಂತ ಭಾಳ ಆಸೆ ಐತ್ರಿ. ಆದ್ರ ನಮ್ಮನಿಯವ್ರು ಕಲಸೋವಾಗ ಒದರಿದ್ದು ಇನ್ನೂ ಕಿವ್ಯಾಗ ಐತಿ. ಸ್ಟೀರಿಂಗ್ ಹಿಡ್ಯಾಕನ ಅಂಜಿಕಿ ಬರ್ತೈತಿ.”

ಆಂಟಿಯ ದನಿ ಮೆತ್ತಗಾಯಿತು. “ನಾ ಯಾರಿಗೂ ಒದರಂಗಿಲ್ಲವಾ.”

“ಹಂಗಂದ್ರ ಕಾರಿನ ಮ್ಯಾಲೆ ಅದನ್ನ ಬರಸ್ರಿ! ಕಡಿಮಿ ಫೀಸು ಅಂತ ಎಲ್ಲಾರೂ ಬರಸ್ತಾರ. ನನ್ನಂಥಾರು ಮನ್ಯಾಗ ಕುಂತಿರೋದು ಫೀಸಿಗಲ್ರಿ, ಅಂಜಿಕಿಗೆ.”

ಆಂಟಿ ಎದ್ದು ಚಹಾಕ್ಕೆ ನೀರಿಟ್ಟರು. “ಸೋಮವಾರದಿಂದ ನನ್ನ ಕೆಲಸ ಚಾಲೂ ಮಾಡು. ಅವತ್ತಿಂದನ ನಿನ್ನ ಕ್ಲಾಸೂ ಚಾಲೂ” ಎಂದರು.

ಗ್ರಾಹಕರನ್ನು ಹಿಡಿಯಲು ಹೋದವಳು ನಾನು. ಸಿಕ್ಕಿಬಿದ್ದವಳೂ ನಾನೇ.